ಕಾಲುವೆಯ ಆಚೆ ದಡದವರು

ಕಳೆದ ಭಾನುವಾರ ಸಂಜೆ ನಮ್ಮ ಬಡಾವಣೆಯ ಗ್ರಂಥಾಲಯದ ಮಹಡಿಯಲ್ಲಿ, ಅಮೆರಿಕದಲ್ಲಿ ಪ್ರವಾಹಕ್ಕೆ ಸಿಕ್ಕ ಒಂದು ಯಹೂದಿ ಪ್ರಾರ್ಥನಾ ಮನೆಯ ಬಗ್ಗೆ ಆಡಿದ ಮಾತು ಇದು. ಬಂದವರಲ್ಲಿ ಕೆಲವರು ಬರೆದು ಕೊಡಿ ಅಂದರು. ಹೆಚ್ಚು ಕಡಿಮೆ ಆಡಿದ ಹಾಗೆಯೇ ಬರೆದಿದ್ದೇನೆ. ಅವತ್ತು ಮಾತಿನ ಭರದಲ್ಲಿ ಬಿಟ್ಟುಹೋಗಿದ್ದ ಒಂದೆರಡು ವಿಷಯಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಚಿಕ್ಕ ಪ್ರಶ್ನೆ. ಪುಸ್ತಕ ಕಾಲಿಗೆ ತಾಗಿದರೆ ಏನು ಮಾಡುತ್ತೀರಿ? ನೋಡಿ, ಇಲ್ಲಿ ಕೂತಿರುವ ಅರ್ಧ ಜನರ ಕೈ ಆಗಲೇ ಕಣ್ಣಿನ ಹತ್ತಿರ ಹೋಯಿತು. ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಅದು ಭಗವದ್ಗೀತೆಯೇ ಆಗಬೇಕಿಲ್ಲ, ಹತ್ತನೇ ಕ್ಲಾಸಿನ ಗಣಿತದ ಪುಸ್ತಕ ಆದರೂ ಸರಿ. ಯಾರೂ ಕೂರಿಸಿ ಹೇಳಿಕೊಟ್ಟಿದ್ದಲ್ಲ, ಅಮ್ಮ ಮಾಡಿದ್ದು ನೋಡಿ ಬಂದಿದ್ದು. ಈ ಒಂದು ಅಭ್ಯಾಸ ನಮಗೆ ಇರುವುದರಿಂದ ಇವತ್ತಿನ ಕಥೆಯ ಮೊದಲ ಭಾಗ ನಿಮಗೆ ಬೇಗ ಅರ್ಥ ಆಗುತ್ತದೆ ಅಂತ ನನ್ನ ನಂಬಿಕೆ.

ಯಹೂದಿಗಳ ಪ್ರಾರ್ಥನಾ ಮನೆಗೆ ಸಿನಗಾಗ್ ಅಂತಾರೆ. ಅಲ್ಲಿ ಮೂರ್ತಿ ಇಲ್ಲ, ಚಿತ್ರಪಟ ಇಲ್ಲ. ನಮ್ಮ ಗರ್ಭಗುಡಿ ಇರುವಂಥ ಜಾಗದಲ್ಲಿ ಒಂದು ಕಪಾಟು ಇರುತ್ತದೆ, ಅದರ ಮುಂದೆ ಒಂದು ಪರದೆ. ಒಳಗೆ ತೋರಾ ಸುರುಳಿಗಳು. ತೋರಾ ಅಂದರೆ ಅವರ ಧರ್ಮಗ್ರಂಥದ ಮೊದಲ ಐದು ಭಾಗಗಳು. ಅಚ್ಚು ಹಾಕಿದ ಪುಸ್ತಕ ಓದುವುದಕ್ಕೆ ಇದೆ, ಆದರೆ ಸಿನಗಾಗಿನ ಪೂಜ್ಯ ಸ್ಥಾನದಲ್ಲಿ ಇರುವುದು ಕೈಯಲ್ಲೇ ಬರೆದ ಸುರುಳಿ ಆಗಬೇಕು. ಹದ ಮಾಡಿದ ಚರ್ಮದ ಹಾಳೆಗಳ ಮೇಲೆ, ಹಕ್ಕಿಯ ಗರಿಯಿಂದ, ಮಾಚಿಕಾಯಿಯಿಂದ ಮಾಡುವ ಕಪ್ಪು ಶಾಯಿಯಲ್ಲಿ ಅದನ್ನು ಬರೆಯುತ್ತಾರೆ. ಬರೆಯುವುದಕ್ಕೆ ತರಬೇತಿ ಪಡೆದ ಲಿಪಿಕಾರರೇ ಬೇಕು. ಒಟ್ಟು 3,04,805 ಅಕ್ಷರಗಳು. ಒಂದು ಸುರುಳಿ ಮುಗಿಯೋಕೆ ಸುಮಾರು ಒಂದು ವರ್ಷ ಬೇಕು. ಹಾಳೆಗಳನ್ನು ಒಂದಕ್ಕೊಂದು ಹೊಲಿಯುವ ದಾರ ಕೂಡ ಪ್ರಾಣಿಯ ನರದಿಂದ ಮಾಡಿದ್ದು. ಒಂದೇ ಒಂದು ಅಕ್ಷರ ಮುಕ್ಕಾದರೂ, ಅದನ್ನು ತಿದ್ದಿ ಸರಿ ಮಾಡುವ ತನಕ ಆ ಸುರುಳಿಯನ್ನು ಸಭೆಯಲ್ಲಿ ಓದುವ ಹಾಗಿಲ್ಲ. ಓದುವಾಗ ಬೆರಳಿಟ್ಟು ಓದುವುದಿಲ್ಲ. ಚರ್ಮದ ಮೇಲೆ ಬರಿಗೈ ತಾಗಬಾರದು ಅಂತ ಬೆಳ್ಳಿಯ ಪುಟ್ಟ ಕಡ್ಡಿ ಇಟ್ಟುಕೊಂಡಿರುತ್ತಾರೆ, ಅದರ ತುದಿಯಲ್ಲಿ ತೋರುಬೆರಳು ಚಾಚಿದ ಒಂದು ಪುಟಾಣಿ ಕೈ. ಸುರುಳಿ ಅಕಸ್ಮಾತ್ ಕೈಜಾರಿ ಬಿದ್ದರೆ ಕಂಡವರು ಉಪವಾಸ ಮಾಡುವ ರೂಢಿ ಇದೆ.

ಇನ್ನೊಂದು ಮಾತು. ತೋರಾ ಸುರುಳಿ ಸರಿ ಮಾಡಲಾಗದಷ್ಟು ಹಾಳಾದರೆ ಅದನ್ನು ಎಸೆಯುವುದಿಲ್ಲ, ಸುಡುವುದಿಲ್ಲ. ಮನುಷ್ಯರನ್ನು ಮಣ್ಣು ಮಾಡಿದ ಹಾಗೆ ಸ್ಮಶಾನದಲ್ಲಿ ಹೂಳುತ್ತಾರೆ.

ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ನ್ಯೂ ಆರ್ಲಿಯನ್ಸಿಗೆ ಬನ್ನಿ.

ಅಮೆರಿಕದ ದಕ್ಷಿಣದ ಊರು, ಮಿಸಿಸಿಪ್ಪಿ ನದಿ ಸಮುದ್ರ ಸೇರುವ ಕಡೆ. ಊರಿನ ಬಹಳಷ್ಟು ಭಾಗ ಸಮುದ್ರ ಮಟ್ಟಕ್ಕಿಂತ ಕೆಳಗಿದೆ, ಒಂದು ಬಟ್ಟಲಿನ ಹಾಗೆ. ಸುತ್ತ ಏರಿಗಳು, ಒಳಗೆ ಕಾಲುವೆಗಳು, ಮಳೆ ಬಂದರೆ ನೀರನ್ನು ಪಂಪ್ ಮಾಡಿ ಹೊರಗೆ ಹಾಕಬೇಕು. 2005ರ ಆಗಸ್ಟ್ 29ರಂದು ಕತ್ರೀನಾ ಚಂಡಮಾರುತ ಬಂತು. ಗಾಳಿಗಿಂತ ಜಾಸ್ತಿ ಹಾಳು ಮಾಡಿದ್ದು ಏರಿಗಳು ಒಡೆದಿದ್ದು. ಐವತ್ತಕ್ಕೂ ಹೆಚ್ಚು ಕಡೆ ಒಡೆದವು. ಊರಿನ ಶೇಕಡಾ 80ರಷ್ಟು ಭಾಗ ನೀರಿನಲ್ಲಿ ಮುಳುಗಿತು.

ಇದರಲ್ಲಿ ಒಂದು ಒಡಕನ್ನು ಮಾತ್ರ ಸ್ವಲ್ಪ ಹತ್ತಿರದಿಂದ ನೋಡೋಣ. ಅಲ್ಲಿ 17ನೇ ಬೀದಿಯ ಕಾಲುವೆ ಅಂತ ಒಂದಿದೆ. ಅದರ ಪೂರ್ವಕ್ಕೆ ನ್ಯೂ ಆರ್ಲಿಯನ್ಸಿನ ಲೇಕ್‌ವ್ಯೂ ಬಡಾವಣೆ, ಪಶ್ಚಿಮಕ್ಕೆ ಮೆಟರಿ ಅನ್ನುವ ಪಕ್ಕದ ಊರು. ಎರಡೂ ಕಡೆ ಕಾಂಕ್ರೀಟ್ ಗೋಡೆ. ಪೂರ್ವದ ಗೋಡೆ ಬಿತ್ತು. ಪಶ್ಚಿಮದ್ದು ನಿಂತಿತು. ಒಂದೇ ಕಾಲುವೆ, ಒಂದೇ ನೀರು. ಈಚೆ ದಡದವರ ಮನೆ ಸೂರಿನ ತನಕ ಮುಳುಗಿತು, ಆಚೆ ದಡದವರಿಗೆ ಆ ಒಡಕಿನ ನೀರು ಬರಲಿಲ್ಲ. ಯಾರ ಪುಣ್ಯವೂ ಅಲ್ಲ, ಯಾರ ಪಾಪವೂ ಅಲ್ಲ. ಈ ಎರಡು ದಡಗಳನ್ನು ನೆನಪಿಡಿ.

ಲೇಕ್‌ವ್ಯೂ ಕಡೆ, ಕೆನಾಲ್ ಬುಲವಾರ್ಡ್ ರಸ್ತೆಯಲ್ಲಿ, ಬೆತ್ ಇಸ್ರೇಲ್ ಅನ್ನುವ ಸಿನಗಾಗ್ ಇತ್ತು. ನೂರು ವರ್ಷ ದಾಟಿದ ಸಭೆ, ಅಂದರೆ ಅಲ್ಲಿ ಸೇರಿ ಪ್ರಾರ್ಥಿಸುವ ಜನರ ಕೂಟ. ಆರ್ಥಡಾಕ್ಸ್, ಅಂದರೆ ಹಳೆಯ ಕಟ್ಟುಪಾಡುಗಳನ್ನು ಚಾಚೂ ತಪ್ಪದೆ ಪಾಲಿಸುವ ಪಂಥದವರು. ಕಟ್ಟಡದೊಳಗೆ ಹತ್ತು ಅಡಿಯಷ್ಟು ನೀರು ನುಗ್ಗಿತು. ಏಳು ತೋರಾ ಸುರುಳಿಗಳು ಆ ಕಪಾಟಿನಲ್ಲೇ ಇದ್ದವು. ಮೂರು ಸಾವಿರಕ್ಕೂ ಹೆಚ್ಚು ಪ್ರಾರ್ಥನಾ ಪುಸ್ತಕಗಳೂ ಒಳಗೇ ಇದ್ದವು.

ಇನ್ನೂ ನೀರು ಇಳಿಯದ ದಿನಗಳಲ್ಲೇ ರಕ್ಷಣಾ ಕಾರ್ಯಕರ್ತರು ಅಲ್ಲಿಗೆ ಹೋದರು. ಯಹೂದಿಗಳದ್ದೇ ಒಂದು ಸ್ವಯಂಸೇವಕ ಪಡೆಯಿದೆ, ಜಾಕಾ ಅಂತ, ಇಸ್ರೇಲಿನಲ್ಲಿ ಹುಟ್ಟಿದ್ದು. ಆ ಪಡೆಯ ಒಬ್ಬರು ಕೊಳೆತ ನೀರಿನಲ್ಲಿ ನಡೆದುಕೊಂಡು, ತೋರಾ ಸುರುಳಿಯನ್ನು ಮಗುವನ್ನು ಎತ್ತಿಕೊಂಡ ಹಾಗೆ ಎದೆಗೆ ಒತ್ತಿ ಹಿಡಿದು ಬರುತ್ತಿರುವ ಫೋಟೋ ಇದೆ. ಆ ಸಮಯದಲ್ಲಿ ಎಲ್ಲ ಕಡೆ ಹಂಚಿಕೆಯಾಗಿತ್ತು, ನಿಮ್ಮಲ್ಲಿ ಕೆಲವರು ನೋಡಿರಬಹುದು. ಆದರೆ ಸುರುಳಿಗಳನ್ನು ಉಳಿಸಿಕೊಳ್ಳೋಕೆ ಆಗಲಿಲ್ಲ. ಚರ್ಮ ನೆನೆದು ಊದಿ, ಒಂದಕ್ಕೊಂದು ಅಂಟಿ, ಬರಹ ಕರಗಿಹೋಗಿತ್ತು. ಏಳಕ್ಕೆ ಏಳೂ ಹೋದವು.

ಆಮೇಲೆ ನಡೆದದ್ದು ನನಗೆ ಈ ಇಡೀ ಕಥೆಯಲ್ಲಿ ತುಂಬ ಹತ್ತಿರವಾದ ಭಾಗ. ಸಭೆಯ ಜನ ಚೆಲ್ಲಾಪಿಲ್ಲಿ ಆಗಿದ್ದರು. ಒಬ್ಬರು ಹ್ಯೂಸ್ಟನ್ನಿನಲ್ಲಿ, ಒಬ್ಬರು ಬ್ಯಾಟನ್ ರೂಜ್‌ನಲ್ಲಿ, ಇನ್ನೊಬ್ಬರು ಮಗಳ ಮನೆಯಲ್ಲಿ. ನೆನೆದ ಸುರುಳಿಗಳನ್ನು ಹಾಗೇ ಇಡುವಂತಿಲ್ಲ, ಕೊಳೆಯುತ್ತಿದ್ದವು. ಸ್ಮಶಾನಕ್ಕೆ ತೆಗೆದುಕೊಂಡು ಹೋಗಿ ಸರಿಯಾಗಿ ವಿಧಿ ಮಾಡೋಣ ಅಂದರೆ ಊರಿಗೆ ಊರೇ ಖಾಲಿ. ಆಗ ಅವುಗಳನ್ನು ತನ್ನ ಹಿತ್ತಲಿನಲ್ಲಿ ತಾತ್ಕಾಲಿಕವಾಗಿ ಹೂತಿಟ್ಟು ಕಾಪಾಡಿದ್ದು ಆ ಸಿನಗಾಗಿನ ಆಫೀಸ್ ನೋಡಿಕೊಳ್ಳುತ್ತಿದ್ದ ಹೆಂಗಸು. ಆಕೆ ಯಹೂದಿ ಅಲ್ಲ.

ಸುಮ್ನೆ ಒಂದು ನಿಮಿಷ ಯೋಚಿಸಿ ನೋಡಿ. ಆಕೆಗೆ ಅದು ತನ್ನ ದೇವರ ಗ್ರಂಥ ಅಲ್ಲ. ಆಕೆ ಅಲ್ಲಿ ಸಂಬಳಕ್ಕೆ ಕೆಲಸ ಮಾಡುತ್ತಿದ್ದವಳು. ಊರಿಗೆ ಊರೇ ಮುಳುಗಿದ ಹೊತ್ತು, ಪ್ರತಿಯೊಬ್ಬರಿಗೂ ತಂತಮ್ಮ ಮನೆಯದೇ ಸಾಕಷ್ಟು ಪಾಡು. ಆದರೂ ವರ್ಷಗಟ್ಟಲೆ ಈ ಜನರ ಜೊತೆ ಇದ್ದವಳಿಗೆ ಒಂದು ವಿಷಯ ಗೊತ್ತಿತ್ತು, ಇವು ಮಣ್ಣಿಗೆ ಹೋಗಬೇಕು, ಕಸಕ್ಕೆ ಹೋಗಬಾರದು. ಬೇರೆಯವರಿಗೆ ಯಾವುದು ಮುಖ್ಯ ಅನ್ನುವುದು ಗೊತ್ತಿರುವುದು, ಅದನ್ನು ಅವರಿಲ್ಲದಾಗ ಅವರ ಪರವಾಗಿ ಮಾಡಿಡುವುದು. ಇದಕ್ಕಿಂತ ದೊಡ್ಡ ನೆರವು ಇದೆಯಾ ಅಂತ ನನಗೆ ಅನುಮಾನ.

ಮುಂದೆ ಜನ ಮರಳಿ ಬಂದ ಮೇಲೆ ಸುರುಳಿಗಳನ್ನು ಸಭೆಯ ಸ್ವಂತ ಸ್ಮಶಾನಕ್ಕೆ ತಂದು ವಿಧಿವತ್ತಾಗಿ ಹೂತರು. ಪುಸ್ತಕಗಳನ್ನೂ ಹೂತರು. ಆ ಸಿನಗಾಗಿನಲ್ಲಿ ಬಹಳ ಕಾಲ ಗಬ್ಬಾಯ್ ಆಗಿದ್ದ ಒಬ್ಬ ಹಿರಿಯರಿದ್ದರು. ಗಬ್ಬಾಯ್ ಅಂದರೆ ಪ್ರಾರ್ಥನೆ ಯಾರು ನಡೆಸಬೇಕು, ತೋರಾ ಓದಲು ಯಾರನ್ನು ಕರೆಯಬೇಕು ಅನ್ನುವುದನ್ನೆಲ್ಲ ನೋಡಿಕೊಳ್ಳುವವರು. ಚಂಡಮಾರುತದ ನಂತರ ಹೆಚ್ಚು ದಿನ ಅವರು ಉಳಿಯಲಿಲ್ಲ. ಜೀವಮಾನವಿಡೀ ಅವರು ಕಾಪಾಡಿಕೊಂಡು ಬಂದ ಸುರುಳಿಗಳು ಈಗ ಅವರ ಸಮಾಧಿಯ ಪಕ್ಕದಲ್ಲೇ ಇವೆ.

ಇಷ್ಟು ಹೋದದ್ದರ ಕಥೆ. ಉಳಿದದ್ದು ಏನು?

ಕಟ್ಟಡ ಇಲ್ಲ, ತೋರಾ ಇಲ್ಲ, ಪುಸ್ತಕ ಇಲ್ಲ. ಮುಖ್ಯವಾಗಿ ಜನ ಇಲ್ಲ. ಕತ್ರೀನಾಕ್ಕೆ ಮೊದಲು ನ್ಯೂ ಆರ್ಲಿಯನ್ಸಿನಲ್ಲಿ ಹತ್ತಿರ ಹತ್ತಿರ ಹತ್ತು ಸಾವಿರ ಯಹೂದಿಗಳಿದ್ದರು. ಮೂರರಲ್ಲಿ ಒಂದು ಭಾಗದಷ್ಟು ಜನ ತಕ್ಷಣಕ್ಕೆ ಮರಳಲಿಲ್ಲ. ವಯಸ್ಸಾದವರು ಮಕ್ಕಳಿದ್ದ ಊರಲ್ಲೇ ಉಳಿದರು, ಸಣ್ಣ ಮಕ್ಕಳಿದ್ದವರು ಸ್ಕೂಲು ಇದ್ದ ಕಡೆ ಉಳಿದರು. ಅವರನ್ನು ತಪ್ಪು ಅನ್ನೋಕೆ ಆಗುವುದಿಲ್ಲ. ಆದರೆ ಆರ್ಥಡಾಕ್ಸ್ ಸಭೆಗೆ ಜನ ಕಮ್ಮಿ ಆಗುವುದು ಬೇರೆಯೇ ತರಹದ ಕಷ್ಟ. ಅವರಲ್ಲಿ ಮಿನ್ಯಾನ್ ಅಂತ ಒಂದು ನಿಯಮವಿದೆ. ಹದಿಮೂರು ದಾಟಿದ ಹತ್ತು ಜನ ಗಂಡಸರು ಸೇರಿದರೆ ಮಾತ್ರ ಪೂರ್ತಿ ಪ್ರಾರ್ಥನೆ ನಡೆಯುತ್ತದೆ, ತೋರಾ ಹೊರಗೆ ಬರುತ್ತದೆ, ಸತ್ತವರಿಗಾಗಿ ಹೇಳುವ ಕಾದಿಶ್ ಅನ್ನುವ ಪ್ರಾರ್ಥನೆಯನ್ನು ಹೇಳಬಹುದು. ಒಂಬತ್ತು ಜನ ಬಂದು ಹತ್ತನೆಯವರು ಬರದಿದ್ದರೆ ಅಪ್ಪನನ್ನು ಕಳೆದುಕೊಂಡ ಮಗ ಆ ದಿನ ಕಾದಿಶ್ ಹೇಳದೆ ಮನೆಗೆ ಹೋಗಬೇಕು. ಹಾಗಾಗಿ ಒಬ್ಬೊಬ್ಬರ ಲೆಕ್ಕವೂ ಲೆಕ್ಕವೇ.

ಇದರ ಮೇಲೆ ಶಬ್ಬಾತ್. ಶುಕ್ರವಾರ ಸೂರ್ಯ ಮುಳುಗಿದಾಗಿನಿಂದ ಶನಿವಾರ ರಾತ್ರಿಯ ತನಕ ಅವರು ವಾಹನ ಓಡಿಸುವುದಿಲ್ಲ. ಸಿನಗಾಗಿಗೆ ನಡೆದೇ ಹೋಗಬೇಕು. ಅಂದರೆ ಸಿನಗಾಗ್ ಎಲ್ಲೋ ಒಂದು ಕಡೆ ಇದ್ದರೆ ಸಾಲದು, ನಡೆಯುವಷ್ಟು ಹತ್ತಿರ ಮನೆಗಳೂ ಇರಬೇಕು. ಒಂದು ಕಟ್ಟಡ ಹೋಯಿತು ಅಂದರೆ ಅದರ ಸುತ್ತ ಹೆಣೆದುಕೊಂಡಿದ್ದ ಇಡೀ ಬೀದಿ ಹೋಯಿತು ಅಂತಲೇ ಅರ್ಥ.

ಇಂಥ ಹೊತ್ತಿನಲ್ಲಿ ಕಾಲುವೆಯ ಆಚೆ ದಡದಿಂದ ಕರೆ ಬಂತು.

ಮೆಟರಿಯಲ್ಲಿ ಗೇಟ್ಸ್ ಆಫ್ ಪ್ರೇಯರ್ ಅನ್ನುವ ಇನ್ನೊಂದು ಯಹೂದಿ ಸಭೆ ಇದೆ. 1850ರಲ್ಲಿ ಶುರುವಾದದ್ದು. ಆಗ ಅಲ್ಲಿನ ರಬ್ಬಿ, ಅಂದರೆ ಧರ್ಮಗುರು, ರಾಬರ್ಟ್ ಲೋವಿ. ಅವರ ಸಭೆಯಲ್ಲೂ ಎಷ್ಟೋ ಜನ ಮನೆ ಕಳೆದುಕೊಂಡಿದ್ದರು. ಆದರೆ ಕಟ್ಟಡ ಉಳಿದಿತ್ತು. ನಮ್ಮಲ್ಲಿ ಜಾಗ ಇದೆ, ಬನ್ನಿ ಅಂದರು.

ಕೇಳೋಕೆ ಸುಲಭ ಅನ್ನಿಸುತ್ತದೆ, ಅಲ್ವಾ? ಅವರೂ ಯಹೂದಿಗಳು, ಇವರೂ ಯಹೂದಿಗಳು, ಕರೆದರೆ ಏನು ದೊಡ್ಡ ವಿಷಯ ಅಂತ. ಅದು ಯಾಕೆ ದೊಡ್ಡದು ಅಂತ ಹೇಳೋಕೇ ನಾನು ಇವತ್ತು ಇಲ್ಲಿಗೆ ಬಂದಿರುವುದು.

ಗೇಟ್ಸ್ ಆಫ್ ಪ್ರೇಯರ್ ರಿಫಾರ್ಮ್ ಪಂಥದ್ದು. ಕಾಲಕ್ಕೆ ತಕ್ಕ ಹಾಗೆ ಕಟ್ಟುಪಾಡು ಬದಲಾಗಬೇಕು ಅನ್ನುವವರು. ಅಲ್ಲಿ ಗಂಡಸರು ಹೆಂಗಸರು ಒಟ್ಟಿಗೆ ಕೂರುತ್ತಾರೆ. ಹೆಂಗಸರನ್ನೂ ಹತ್ತರ ಲೆಕ್ಕಕ್ಕೆ ಸೇರಿಸುತ್ತಾರೆ. ಅಮೆರಿಕದ ರಿಫಾರ್ಮ್ ಪಂಥದಲ್ಲಿ 1972ರಿಂದ ಹೆಂಗಸರೂ ರಬ್ಬಿ ಆಗುತ್ತಿದ್ದಾರೆ. ಶಬ್ಬಾತ್ ದಿನ ಕಾರಿನಲ್ಲಿ ಬರಬಹುದು, ಪ್ರಾರ್ಥನೆಯಲ್ಲಿ ವಾದ್ಯ ಇರಬಹುದು. ಆರ್ಥಡಾಕ್ಸ್ ಕಡೆ ಇವು ಯಾವುವೂ ಇಲ್ಲ. ಅಲ್ಲಿ ಗಂಡಸರ ಮತ್ತು ಹೆಂಗಸರ ನಡುವೆ ಮೆಖಿತ್ಸಾ ಅನ್ನುವ ಅಡ್ಡ ತೆರೆ ಇರಲೇಬೇಕು. ಅಡುಗೆಮನೆಯ ಕಟ್ಟಳೆಗಳಂತೂ ಕೇಳಲೇಬೇಡಿ. ಹಾಲಿನ ಪಾತ್ರೆ ಬೇರೆ, ಮಾಂಸದ ಪಾತ್ರೆ ಬೇರೆ, ಒಂದರ ಚಮಚ ಇನ್ನೊಂದಕ್ಕೆ ತಾಗಬಾರದು. ಮಡಿ ಮೈಲಿಗೆ ನೋಡಿ ಬೆಳೆದ ನಮ್ಮ ಅಜ್ಜಿಯರಿಗೆ ಹೇಳಿದ್ದರೆ ಒಂದೇ ಮಾತಿಗೆ ಅರ್ಥ ಆಗಿಬಿಡುತ್ತಿತ್ತು.

ಈ ಎರಡು ಪಂಥಗಳ ನಡುವಿನ ವಾದಕ್ಕೆ ಇನ್ನೂರು ವರ್ಷದ ಇತಿಹಾಸವಿದೆ. ಕೆಲವು ಆರ್ಥಡಾಕ್ಸ್ ಜನ ರಿಫಾರ್ಮ್ ಮಂದಿರದೊಳಗೆ ಪ್ರಾರ್ಥನೆಗೆ ಕಾಲಿಡುವುದೇ ಇಲ್ಲ. ರಿಫಾರ್ಮ್ ಜನರಿಗೂ ಅಷ್ಟೇ ನೋವಿದೆ, ನಮ್ಮನ್ನು ಇವರು ಪೂರ್ತಿ ಯಹೂದಿಗಳು ಅಂತಲೇ ಲೆಕ್ಕ ಇಡುವುದಿಲ್ಲ ಅಂತ. ಪರಧರ್ಮದವರ ಜೊತೆ ಹೊಂದಿಕೊಳ್ಳುವುದು ಒಂದೊಂದು ಸಲ ಸುಲಭ, ಅಲ್ಲಿ ವ್ಯತ್ಯಾಸ ಇದೆ ಅಂತ ಮೊದಲೇ ಗೊತ್ತಿರುತ್ತದೆ. ಒಂದೇ ಮನೆಯಲ್ಲಿ ಪಾಲಾದ ಅಣ್ಣತಮ್ಮಂದಿರ ಜೊತೆ ಹೊಂದಿಕೊಳ್ಳುವುದು ಕಷ್ಟ. ನಾನು ಇದನ್ನು ನನ್ನ ಸ್ವಂತ ಕುಟುಂಬದಲ್ಲೇ ನೋಡಿದ್ದೇನೆ. ನಿಮ್ಮಲ್ಲಿ ತುಂಬ ಜನ ನೋಡಿರುತ್ತೀರಿ.

ಈಗ ಆ ಅಡ್ಡ ತೆರೆಯ ವಿಷಯಕ್ಕೆ ಬರುತ್ತೇನೆ. ಬೆತ್ ಇಸ್ರೇಲ್ ಜನ ಗೇಟ್ಸ್ ಆಫ್ ಪ್ರೇಯರ್ ಕಟ್ಟಡದಲ್ಲಿ ತಮ್ಮ ರೀತಿಯಲ್ಲೇ ಪ್ರಾರ್ಥನೆ ಮಾಡಬೇಕಾದರೆ ಅಲ್ಲಿ ಮೆಖಿತ್ಸಾ ನಿಲ್ಲಬೇಕು. ರಿಫಾರ್ಮ್ ಪಂಥದವರು ತಮ್ಮ ಅಜ್ಜಂದಿರ ಕಾಲದಲ್ಲೇ ಬೇಡ ಅಂತ ತೆಗೆದುಹಾಕಿದ್ದು ಅದನ್ನೇ. ಹೆಂಗಸರನ್ನು ಬೇರೆ ಕೂರಿಸುವುದು ಸರಿಯಲ್ಲ ಅನ್ನುವುದು ಅವರಿಗೆ ಬರೀ ರೂಢಿ ಅಲ್ಲ, ನಂಬಿಕೆ. ಆದರೂ ತಮ್ಮ ಸೂರಿನ ಕೆಳಗೆ ಅದಕ್ಕೆ ಜಾಗ ಕೊಟ್ಟರು. ನಮ್ಮ ಮನೆಗೆ ಬಂದಿದ್ದೀರಿ, ನಮ್ಮ ಹಾಗೆ ಇರಿ ಅನ್ನಲಿಲ್ಲ. ಬೆತ್ ಇಸ್ರೇಲಿನವರೂ ಒಂದು ಹೆಜ್ಜೆ ಇಟ್ಟರು. ತಮ್ಮವರೇ ಎಷ್ಟೋ ಜನ ಹೋಗಬಾರದು ಅನ್ನುವ ಕಟ್ಟಡದೊಳಗೆ ಹೋದರು. ಕರೆಯುವವರಿಗೆ ಎಷ್ಟು ದೊಡ್ಡ ಮನಸ್ಸು ಬೇಕೋ, ಕರೆದಾಗ ಹೋಗುವವರಿಗೂ ಅಷ್ಟೇ ದೊಡ್ಡ ಮನಸ್ಸು ಬೇಕು. ನೆರವಿನ ಕಥೆ ಹೇಳುವಾಗ ನಾವು ಕೊಟ್ಟವರನ್ನಷ್ಟೇ ಹೊಗಳಿ ಮುಗಿಸುತ್ತೇವೆ. ತೆಗೆದುಕೊಂಡವರು ಏನನ್ನು ನುಂಗಿಕೊಂಡು ಬಂದರು ಅಂತ ಕೇಳುವುದೇ ಇಲ್ಲ.

ನನಗೆ ಇಲ್ಲಿ ಕಂಡದ್ದು ಇಷ್ಟು. ಪ್ರವಾಹ ಬಂದಾಗ ದುಡ್ಡು ಬರುತ್ತದೆ, ಬಟ್ಟೆ ಬರುತ್ತದೆ, ಕಂಬಳಿ ಬರುತ್ತದೆ. ಅದೆಲ್ಲ ಬೇಕೇ ಬೇಕು, ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ನೀನು ನೀನಾಗಿಯೇ ಇರು, ನನಗೆ ಒಪ್ಪಿಗೆ ಇಲ್ಲದ ನಿನ್ನ ತೆರೆಯನ್ನೂ ಇಲ್ಲೇ ಕಟ್ಟಿಕೋ ಅನ್ನುವ ನೆರವು ಅಪರೂಪ. ಅದನ್ನು ಲಾರಿಯಲ್ಲಿ ತುಂಬಿ ಕಳಿಸೋಕೆ ಆಗುವುದಿಲ್ಲ, ಪಕ್ಕದಲ್ಲಿ ಇರುವವರೇ ಕೊಡಬೇಕು.

ದೂರದವರೂ ಕೊಟ್ಟರು, ಅದನ್ನೂ ಹೇಳಬೇಕು. ಕ್ಯಾಲಿಫೋರ್ನಿಯಾದ ಒಬ್ಬಳು ಹದಿಹರೆಯದ ಹುಡುಗಿ ಈ ಸಭೆ ತೋರಾ ಕಳೆದುಕೊಂಡ ಸುದ್ದಿ ಕೇಳಿ, ತಾನೇ ಹಣ ಕೂಡಿಸಿ, ಅವರಿಗೆ ಒಂದು ತೋರಾ ಸುರುಳಿ ಕೊಡಿಸಿದಳು. ಒಂದು ಸುರುಳಿಯ ಬೆಲೆ ನಮ್ಮ ಲೆಕ್ಕದಲ್ಲಿ ಹಲವು ಲಕ್ಷ ರೂಪಾಯಿ. ಚಂಡಮಾರುತ ಬಂದು ವರ್ಷ ಆಗುವ ಹೊತ್ತಿಗೆ, 2006ರಲ್ಲಿ, ಅದು ಊರಿಗೆ ಬಂತು. ತೋರಾ ಬಂದರೆ ಅವರಲ್ಲಿ ಮದುವೆ ದಿಬ್ಬಣದ ಸಂಭ್ರಮ. ಮೇಲೆ ಚಪ್ಪರ ಹಿಡಿದು, ಹಾಡಿಕೊಂಡು, ಕುಣಿದುಕೊಂಡು ಕರೆದುಕೊಂಡು ಬರುತ್ತಾರೆ. ಏಳು ಸುರುಳಿಗಳನ್ನು ಮಣ್ಣಿಗೆ ಕೊಟ್ಟ ಜನ ಒಂದನ್ನು ಎತ್ತಿಕೊಂಡು ಕುಣಿಯುವುದು ಹೇಗಿದ್ದಿರಬಹುದು! ನಾನು ಇದನ್ನು ಮೊದಲ ಸಲ ಓದಿದಾಗ ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

2007ರಲ್ಲಿ ಊರಿ ಟೊಪೊಲೊಸ್ಕಿ ಅನ್ನುವ ಯುವ ರಬ್ಬಿ ಬೆತ್ ಇಸ್ರೇಲಿಗೆ ಬಂದರು. ಒಂದು ಊರು ಮುಳುಗಿ ಎರಡು ವರ್ಷ, ಸಭೆಗೆ ಸ್ವಂತ ಕಟ್ಟಡ ಇಲ್ಲ, ಜನ ಅರ್ಧಕ್ಕರ್ಧ ಇಲ್ಲ. ಅಂಥ ಕಡೆಗೆ ಸಂಸಾರ ಕಟ್ಟಿಕೊಂಡು ಬರುವುದು ಧೈರ್ಯದ ಕೆಲಸವೇ. ಅದೇ ಸುಮಾರಿಗೆ ಊರಿನ ಯಹೂದಿ ಒಕ್ಕೂಟ ಹೊಸಬರನ್ನು ಕರೆಯೋಕೆ ಶುರು ಮಾಡಿತು. ನ್ಯೂ ಆರ್ಲಿಯನ್ಸಿಗೆ ಬಂದು ನೆಲೆಸಿ, ಮನೆ ಬದಲಿಸುವ ಖರ್ಚಿಗೆ ಸಹಾಯ ಕೊಡುತ್ತೇವೆ, ಬಡ್ಡಿ ಇಲ್ಲದೆ ಸಾಲ ಕೊಡುತ್ತೇವೆ ಅಂತ. ಅದು ಫಲ ಕೊಟ್ಟಿತು. ಮುಂದಿನ ಹತ್ತು ವರ್ಷದಲ್ಲಿ ಊರಿನ ಯಹೂದಿಗಳ ಸಂಖ್ಯೆ ಮೊದಲಿನ ಮಟ್ಟಕ್ಕೆ ಬಂತು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಕಟ್ಟಡ ಹೋದರೂ ಸಭೆ ಹೋಗಲಿಲ್ಲ ಅನ್ನುವುದು ಯಹೂದಿಗಳಿಗೆ ಹೊಸ ಪಾಠ ಅಲ್ಲ. ಕ್ರಿಸ್ತಶಕ 70ರಲ್ಲಿ ರೋಮನ್ನರು ಜೆರುಸಲೇಮಿನ ದೊಡ್ಡ ದೇವಾಲಯವನ್ನು ಸುಟ್ಟು ಕೆಡವಿದರು. ಬಲಿ, ಪೂಜೆ, ಯಾತ್ರೆ ಎಲ್ಲ ಅದೊಂದರ ಸುತ್ತ ಇತ್ತು. ಆಗ ಯೋಹಾನಾನ್ ಬೆನ್ ಜಕ್ಕಾಯ್ ಅನ್ನುವ ಗುರು ಯಾವ್ನೆ ಅನ್ನುವ ಸಣ್ಣ ಊರಿನಲ್ಲಿ ಶಿಷ್ಯರನ್ನು ಸೇರಿಸಿಕೊಂಡು ಓದು, ಪ್ರಾರ್ಥನೆ ಮುಂದುವರಿಸಿದರು. ಎಲ್ಲಿ ಬೇಕಾದರೂ ಹತ್ತು ಜನ ಸೇರಿ ಮಾಡಬಹುದಾದ ಧರ್ಮ ಹಾಗೆ ಗಟ್ಟಿಯಾಯಿತು. ಸಿನಗಾಗಿಗೆ ಹೀಬ್ರೂ ಭಾಷೆಯಲ್ಲಿ ಬೇತ್ ಕ್ನೆಸೆತ್ ಅಂತಾರೆ, ಸೇರುವ ಮನೆ ಅಂತ ಅರ್ಥ. ದೇವರ ಮನೆ ಅಂತಲ್ಲ.

ನಮಗೆ ತೀರಾ ಹತ್ತಿರದಲ್ಲೇ ಇದರ ಒಂದು ಗುರುತು ಇದೆ. ಕೊಚ್ಚಿಗೆ ಹೋದವರು ಕೈ ಎತ್ತಿ. ನೋಡಿ, ಹೆಚ್ಚು ಕಡಿಮೆ ಎಲ್ಲರೂ. ಮಟ್ಟಂಚೇರಿಯ ಅರಮನೆ ನೋಡಿ, ಹಾಗೇ ಪಕ್ಕದ ಓಣಿಯಲ್ಲಿ ನಡೆದು ಸಿನಗಾಗ್ ನೋಡಿರುತ್ತೀರಿ, ನೀಲಿ ಬಿಳಿ ಚೀನೀ ಹೆಂಚಿನ ನೆಲ ಇರುವುದು. ಕೊಡುಂಗಲ್ಲೂರಿನ ಕಡೆಯಿಂದ ನೆಲೆ ಕಳೆದುಕೊಂಡು ಬಂದ ಯಹೂದಿಗಳಿಗೆ ಕೊಚ್ಚಿಯ ರಾಜ ತನ್ನ ಅರಮನೆಯ ಪಕ್ಕದಲ್ಲೇ ಜಾಗ ಕೊಟ್ಟ. 1568ರಲ್ಲಿ ಅಲ್ಲಿ ಸಿನಗಾಗ್ ಎದ್ದಿತು. ಅರಮನೆಯ ದೇವಸ್ಥಾನಕ್ಕೂ ಅದಕ್ಕೂ ಗೋಡೆ ಅಂಟಿಕೊಂಡಿದೆ. 1662ರಲ್ಲಿ ಪೋರ್ಚುಗೀಸರು ಅದನ್ನು ಹಾಳು ಮಾಡಿದರು. ಮರುವರ್ಷ ಡಚ್ಚರು ಬಂದು ಪೋರ್ಚುಗೀಸರು ಹೋದ ಮೇಲೆ ಮತ್ತೆ ಸರಿ ಮಾಡಿಕೊಂಡರು. ರಾಜ ಜಾಗ ಕೊಡುವಾಗ ಊರಾಚೆ ಎಲ್ಲೋ ಕೊಡಬಹುದಿತ್ತು. ಪಕ್ಕದಲ್ಲೇ ಕೊಟ್ಟ.

ಈಚಿನದನ್ನೂ ಚುಟುಕಾಗಿ ಹೇಳಿಬಿಡುತ್ತೇನೆ. 2025ರ ಜನವರಿ 7ರ ರಾತ್ರಿ ಲಾಸ್ ಏಂಜಲೀಸ್ ಹತ್ತಿರ ಈಟನ್ ಕಣಿವೆಯ ಬೆಂಕಿ ಹತ್ತಿತಲ್ಲ, ಟೀವಿಯಲ್ಲಿ ನೋಡಿರುತ್ತೀರಿ. ಆಗ ಪಸಡೀನಾದ ಯಹೂದಿ ಮಂದಿರ ಪೂರ್ತಿ ಸುಟ್ಟುಹೋಯಿತು. ನೂರು ವರ್ಷದ ಹಳೆಯ ಸಭೆ ಅದು. ಆದರೆ ಅಲ್ಲಿ ಪ್ರಾರ್ಥನೆ ಹಾಡಿಸುವವರು ಮತ್ತು ಇನ್ನು ಕೆಲವರು ಹೊಗೆಯ ನಡುವೆಯೇ ಒಳಗೆ ಹೋಗಿ ತೋರಾ ಸುರುಳಿಗಳನ್ನೆಲ್ಲ ಕಾರುಗಳಿಗೆ ತುಂಬಿಕೊಂಡು ಹೊರಗೆ ತಂದರು. ಹದಿಮೂರು ಸುರುಳಿಗಳು ಉಳಿದವು. ಆಮೇಲೆ ಆ ಸಭೆಗೆ ಶಬ್ಬಾತ್ ಪ್ರಾರ್ಥನೆಗೆ ಬಾಗಿಲು ತೆರೆದದ್ದು ಅದೇ ಊರಿನ ಒಂದು ಚರ್ಚು.

ಇನ್ನೊಂದು ತಿರುಗುಮುರುಗಾದ ಕಥೆ. ಟೆಕ್ಸಾಸಿನ ವಿಕ್ಟೋರಿಯಾ ಅನ್ನುವ ಊರಿನಲ್ಲಿ 2017ರ ಜನವರಿ 28ರಂದು ಮಸೀದಿಗೆ ಬೆಂಕಿ ಇಟ್ಟರು, ಪೂರ್ತಿ ಬೂದಿಯಾಯಿತು. ಆ ಊರಲ್ಲಿ ಯಹೂದಿಗಳು ಇದ್ದದ್ದು ಬೆರಳೆಣಿಕೆಯಷ್ಟು ಜನ. ಅವರು ಮಸೀದಿಯವರ ಮನೆಗೆ ಹೋಗಿ ತಮ್ಮ ಸಿನಗಾಗಿನ ಬೀಗದ ಕೈ ಕೊಟ್ಟು ಬಂದರು. ಬೀಗದ ಕೈ! ನೀವು ಬಂದಾಗ ತೆಗೆಯುತ್ತೇವೆ ಅನ್ನಲಿಲ್ಲ. ಮನೆಯ ಕೀಲಿಕೈಯನ್ನು ನಾವು ಯಾರಿಗೆ ಕೊಡುತ್ತೇವೆ ಅಂತ ಯೋಚಿಸಿದರೆ ಅದರ ತೂಕ ಗೊತ್ತಾಗುತ್ತದೆ.

ಸರಿ, ಮತ್ತೆ ಮೆಟರಿಗೆ ಬರೋಣ. ವರ್ಷಗಳು ಕಳೆದವು. ಒಂದೇ ಕಟ್ಟಡದಲ್ಲಿ ಎರಡು ಸಭೆ. ಮಕ್ಕಳು ಒಂದೇ ಅಂಗಳದಲ್ಲಿ ಓಡಾಡುತ್ತಿದ್ದರು, ಇಬ್ಬರು ರಬ್ಬಿಗಳು ಒಬ್ಬರನ್ನೊಬ್ಬರು ಗೆಳೆಯರು ಅಂತಲೇ ಕರೆಯುತ್ತಿದ್ದರು. ಬೆತ್ ಇಸ್ರೇಲಿನವರು ಲೇಕ್‌ವ್ಯೂ ಕಟ್ಟಡಕ್ಕೆ ಮರಳಿ ಹೋಗಲಿಲ್ಲ. ಹೊಸದು ಕಟ್ಟಬೇಕು ಅನ್ನುವ ತೀರ್ಮಾನಕ್ಕೆ ಬಂದಾಗ ಜಾಗ ಎಲ್ಲಿ ಅನ್ನುವ ಪ್ರಶ್ನೆ ಬಂತು. ಗೇಟ್ಸ್ ಆಫ್ ಪ್ರೇಯರ್ ತಮ್ಮದೇ ಜಾಗದಲ್ಲಿ ಒಂದು ಭಾಗವನ್ನು ಅವರಿಗೆ ಮಾರಿತು. 2012ರ ಆಗಸ್ಟ್ 26ರಂದು, ಕತ್ರೀನಾ ಬಂದು ಏಳು ವರ್ಷ ತುಂಬಲು ಮೂರು ದಿನ ಇರುವಾಗ, ಹೊಸ ಸಿನಗಾಗಿನ ಪ್ರವೇಶ ಆಯಿತು. ತೋರಾ ಸುರುಳಿಗಳನ್ನು ಎತ್ತಿಕೊಂಡು ನಡೆದರು. ಈ ಸಲ ನಡೆದದ್ದು ಒಣ ನೆಲದ ಮೇಲೆ, ಒಂದು ಬಾಗಿಲಿನಿಂದ ಪಕ್ಕದ ಬಾಗಿಲಿಗೆ.

ಅದಾದ ಎರಡೇ ದಿನಕ್ಕೆ ಐಸಾಕ್ ಅನ್ನುವ ಇನ್ನೊಂದು ಚಂಡಮಾರುತ, ನ್ಯೂ ಆರ್ಲಿಯನ್ಸ್ ಇರುವ ಲೂಸಿಯಾನಾ ರಾಜ್ಯದ ದಡಕ್ಕೆ ಬಂತು. ಆ ಜನರ ಎದೆ ಎಷ್ಟು ಹೊಡೆದುಕೊಂಡಿರಬಹುದು. ಈ ಸಲ ಊರಿನ ಹೊಸ ಏರಿಗಳು ತಡೆದುಕೊಂಡವು.

ನಾನು ಇಲ್ಲಿಗೆ ನಿಲ್ಲಿಸಿದ್ದೆ. ಆಮೇಲೆ ಎರಡನೇ ಸಾಲಿನಲ್ಲಿ ಕೂತಿದ್ದ ನಿವೃತ್ತ ಟೀಚರೊಬ್ಬರು ಎದ್ದು ಕೇಳಿದರು: "ಅಲ್ಲ, ಅಷ್ಟು ವರ್ಷ ಒಂದೇ ಸೂರಿನ ಕೆಳಗೆ ಇದ್ದವರು ಒಂದೇ ಆಗಿಬಿಡಬಹುದಿತ್ತಲ್ಲ? ಪಕ್ಕದಲ್ಲೇ ಇನ್ನೊಂದು ಯಾಕೆ ಕಟ್ಟಬೇಕಿತ್ತು? ದುಡ್ಡು ದಂಡ ಅಲ್ವಾ?"

ಒಳ್ಳೆಯ ಪ್ರಶ್ನೆ. ಅವತ್ತು ಅರ್ಧಂಬರ್ಧ ಉತ್ತರ ಕೊಟ್ಟೆ, ಈಗ ಪೂರ್ತಿ ಬರೆಯುತ್ತೇನೆ. ಟೀಚರಮ್ಮ, ಒಂದೇ ಆಗಿಬಿಟ್ಟಿದ್ದರೆ ಇಬ್ಬರಲ್ಲಿ ಒಬ್ಬರು ಇಲ್ಲವಾಗುತ್ತಿದ್ದರು. ಜನ ಕಮ್ಮಿ ಇದ್ದ ಬೆತ್ ಇಸ್ರೇಲೇ ಕರಗುತ್ತಿತ್ತು. ಲೋವಿಯವರ ಸಭೆ ಆ ಜನರನ್ನು ತಮ್ಮೊಳಗೆ ಸೇರಿಸಿಕೊಳ್ಳೋಕೆ ಅಂತ ಕರೆದಿರಲಿಲ್ಲ. ಅವರು ಮತ್ತೆ ತಮ್ಮ ಕಾಲ ಮೇಲೆ ನಿಲ್ಲುವ ತನಕ ಇರಲಿ ಅಂತ ಕರೆದದ್ದು. ನಿಂತ ಮೇಲೆ ದೂರ ಹೋಗೋಕೆ ಇವರಿಗೂ ಮನಸ್ಸಾಗಲಿಲ್ಲ, ಕಳಿಸೋಕೆ ಅವರಿಗೂ ಮನಸ್ಸಾಗಲಿಲ್ಲ. ಈಗ ಮೆಟರಿಯ ವೆಸ್ಟ್ ಎಸ್ಪ್ಲನೇಡ್ ರಸ್ತೆಯಲ್ಲಿ ಗೇಟ್ಸ್ ಆಫ್ ಪ್ರೇಯರ್ ಮನೆ ನಂಬರು 4000, ಬೆತ್ ಇಸ್ರೇಲಿನದು 4004. ಶನಿವಾರ ಬೆಳಿಗ್ಗೆ ಒಂದರ ಮುಂದೆ ಕಾರುಗಳು ನಿಂತಿರುತ್ತವೆ, ಇನ್ನೊಂದಕ್ಕೆ ಜನ ನಡೆದು ಬರುತ್ತಾರೆ.